ಆಡದೇ ಮುಂದೆ ಹೋದ ಒರೆಗಾನ್: ಸರ್ವೈವರ್ ಪೂಲ್ ನಿಯಮಗಳ ಒಂದು ಪ್ರಕರಣ

2021ರ ಮಾರ್ಚ್ 20, ಶನಿವಾರ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಮೆಂಟ್‌ನಲ್ಲಿ ಮೊದಲ ರೌಂಡಿನ ಎರಡನೇ ದಿನ. ಕೋವಿಡ್ ಕಾರಣಕ್ಕೆ ಆ ವರ್ಷ ಇಡೀ ಟೂರ್ನಮೆಂಟ್ ಇಂಡಿಯಾನಾ ರಾಜ್ಯದಲ್ಲೇ ನಡೆಯಿತು. ಅವತ್ತು ರಾತ್ರಿ ಇಂಡಿಯಾನಾಪೊಲಿಸ್‌ನಲ್ಲಿ ಒರೆಗಾನ್ ಮತ್ತು ವರ್ಜೀನಿಯಾ ಕಾಮನ್‌ವೆಲ್ತ್, ಅಂದರೆ ವಿಸಿಯು, ಆಡಬೇಕಿತ್ತು. ಶುರುವಾಗಲು ಮೂರು ಗಂಟೆಯಷ್ಟು ಬಾಕಿ ಇರುವಾಗ ಪಂದ್ಯ ರದ್ದಾಯಿತು. ವಿಸಿಯು ತಂಡದಲ್ಲಿ ಹಲವರಿಗೆ ಕೋವಿಡ್ ಪಾಸಿಟಿವ್ ಬಂದಿತ್ತು. ಎನ್‌ಸಿಎಎ ಇದನ್ನು 'ನೋ ಕಾಂಟೆಸ್ಟ್' ಎಂದು ಘೋಷಿಸಿತು. ದಾಖಲೆಯಲ್ಲಿ ಒರೆಗಾನ್ ಗೆಲ್ಲಲಿಲ್ಲ, ವಿಸಿಯು ಸೋಲಲಿಲ್ಲ. ಆದರೂ ಒರೆಗಾನ್ ಎರಡನೇ ರೌಂಡಿಗೆ ಹೋಯಿತು. ವಿಸಿಯು ಊರಿಗೆ ವಾಪಸ್ಸಾಯಿತು.

ಸರ್ವೈವರ್ ಪೂಲ್ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎಂದು ನನ್ನ ಅಭಿಪ್ರಾಯ. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಆಟದ ದಿನ ಒಂದು ತಂಡ ಆರಿಸಬೇಕು. ಅದು ಗೆದ್ದರೆ ನೀವು ಉಳಿದಿರಿ, ಸೋತರೆ ಔಟ್. ಒಮ್ಮೆ ಆರಿಸಿದ ತಂಡವನ್ನು ಮತ್ತೆ ಆರಿಸುವ ಹಾಗಿಲ್ಲ. ಕೊನೆಗೆ ಉಳಿದವರಿಗೆ ಬಹುಮಾನ. ಬ್ರ್ಯಾಕೆಟ್, ಅಂದರೆ ಟೂರ್ನಮೆಂಟ್‌ನ ಪಂದ್ಯಗಳ ಪಟ್ಟಿ, ತುಂಬುವ ಆಟದಲ್ಲಿ 63 ಪಂದ್ಯಗಳನ್ನೂ ಮೊದಲೇ ಊಹಿಸಿ ಸುಮ್ನೆ ಕಾಯಬೇಕು. ಇಲ್ಲಿ ಹಾಗಲ್ಲ, ದಿನಾ ಹೊಸದಾಗಿ ಯೋಚಿಸಬೇಕು. ಬಲವಾದ ತಂಡವನ್ನು ಇವತ್ತೇ ಖರ್ಚು ಮಾಡಿದರೆ ನಾಳೆಗೆ ಇರುವುದಿಲ್ಲ. ಆಟದ ರುಚಿಯೆಲ್ಲ ಇರುವುದು ಈ ಲೆಕ್ಕಾಚಾರದಲ್ಲೇ.

ಅಮೆರಿಕದಲ್ಲಿರುವ ನನ್ನ ಗೆಳೆಯರ ಗುಂಪೊಂದು ಇಂಥ ಪೂಲ್ ನಡೆಸಬೇಕೆಂದು ಹೊರಟಿತು. ಹೆಚ್ಚಿನವರು ಕನ್ನಡದವರು. ಬೆಂಗಳೂರಿನಿಂದ ಅವರ ತಮ್ಮ, ತಂಗಿಯರೂ ಸೇರುವವರಿದ್ದರು. "ನಿಯಮ ನೀನೇ ಬರೆದುಕೊಡು ಮಾರಾಯ, ಆಮೇಲೆ ಜಗಳ ಬೇಡ" ಎಂದರು. ಹಣದ ಮಾತನ್ನು ಮೊದಲೇ ತೆಗೆದುಹಾಕಿದೆವು. ಜೂಜಿನ ಕಾನೂನು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗೆದ್ದವರಿಗೆ ಉಳಿದವರು ಸೇರಿ ಊಟ ಹಾಕಿಸುವುದು, ಅಷ್ಟೇ.

ನಿಯಮ ಬರೆಯುವ ಮುಂಚೆ ನಾನು ಮಾಡಿದ್ದು ಒಂದು ಕೆಲಸ. ಮುಗಿದುಹೋದ ಒಂದು ಟೂರ್ನಮೆಂಟ್ ತೆಗೆದುಕೊಂಡು, ಕರಡು ನಿಯಮಗಳನ್ನು ಅದರ ಮೇಲೆ ದಿನದಿಂದ ದಿನಕ್ಕೆ ಓಡಿಸಿ ನೋಡಿದೆ. ಆರಿಸಿಕೊಂಡದ್ದು 2021. ಅದಕ್ಕಿಂತ ವಿಚಿತ್ರವಾದ ವರ್ಷ ಸಿಗುವುದು ಕಷ್ಟ. ಕೆಳಗೆ ಬರುವ ಪಂದ್ಯಗಳು, ಅಂಕಗಳು, ತಾರೀಕುಗಳು ಎಲ್ಲ ನಿಜವಾಗಿ ನಡೆದದ್ದು. ಪಿಕ್ ಮಾಡುವ ಅ, ಬ, ಕ ಎಂಬ ಮೂವರನ್ನು ಮಾತ್ರ ಪರೀಕ್ಷೆಗಾಗಿ ನಾನು ಕಟ್ಟಿಕೊಂಡದ್ದು.

ಕರಡಿನಲ್ಲಿ ಇದ್ದದ್ದು ಇಷ್ಟು. ದಿನಕ್ಕೊಂದು ಪಿಕ್. ಅದೇ ತಂಡ ಮತ್ತೆ ಬೇಡ. ಪಿಕ್ ಮಾಡಿದ ತಂಡ ಗೆಲ್ಲಬೇಕು. ದಿನದ ಮೊದಲ ಪಂದ್ಯ ಶುರುವಾಗುವ ಮುಂಚೆ ಪಿಕ್ ಲಾಕ್. ಉಳಿದವರೆಲ್ಲ ಒಂದೇ ದಿನ ಔಟಾದರೆ, ಅಲ್ಲಿಯವರೆಗೆ ಅವರನ್ನು ಉಳಿಸಿದ ತಂಡಗಳ ಸೀಡ್ ಕೂಡಿಸಿ, ಮೊತ್ತ ಜಾಸ್ತಿ ಇದ್ದವರಿಗೆ ಗೆಲುವು. ನಾಲ್ಕು ವಿಭಾಗಗಳಲ್ಲಿ ಪ್ರತಿಯೊಂದರಲ್ಲೂ ತಂಡಗಳಿಗೆ 1ರಿಂದ 16ರವರೆಗೆ ಸೀಡ್ ಕೊಡುತ್ತಾರೆ. 1 ಅಂದರೆ ಎಲ್ಲಕ್ಕಿಂತ ಬಲವಾದದ್ದು. ಹಾಗಾಗಿ ಮೊತ್ತ ಜಾಸ್ತಿ ಇದ್ದವರು ಜಾಸ್ತಿ ಧೈರ್ಯ ಮಾಡಿದವರು. ಓದಿದರೆ ಇದು ಸಾಕು ಅನ್ನಿಸುತ್ತದೆ, ಅಲ್ವಾ? ಮೊದಲ ದಿನವೇ ಬಿರುಕು ಕಂಡಿತು.

ಮಾರ್ಚ್ 19, ಶುಕ್ರವಾರ. ಒಹಾಯೊ ಸ್ಟೇಟ್ 2ನೇ ಸೀಡ್. ಎದುರಿಗೆ 15ನೇ ಸೀಡಿನ ಓರಲ್ ರಾಬರ್ಟ್ಸ್. ಓವರ್‌ಟೈಮಿನಲ್ಲಿ 75–72ರಿಂದ ಒಹಾಯೊ ಸ್ಟೇಟ್ ಸೋತಿತು. ಅದೇ ದಿನ 12ನೇ ಸೀಡ್ ಒರೆಗಾನ್ ಸ್ಟೇಟ್ ಟೆನೆಸಿಯನ್ನು 70–56ರಿಂದ ಸೋಲಿಸಿತು. ಅದೇ ದಿನ 4ನೇ ಸೀಡ್ ಒಕ್ಲಹೋಮ ಸ್ಟೇಟ್ ಲಿಬರ್ಟಿ ಎದುರು 69–60ರಿಂದ ಗೆದ್ದಿತು. ಈ ಮೂರಕ್ಕೂ ಫೋನಿನಲ್ಲಿ ಜನ ಬರೆಯುವುದು 'ಒಎಸ್‌ಯು' ಎಂದೇ. ಒಂದು ಗೆದ್ದಿದೆ, ಇನ್ನೊಂದೂ ಗೆದ್ದಿದೆ, ಮೂರನೆಯದು ಸೋತಿದೆ. ವಾಟ್ಸ್‌ಆ್ಯಪ್‌ನಲ್ಲಿ ಬರೀ ಮೂರಕ್ಷರ ಹಾಕಿದವರು ಉಳಿದರೋ ಬಿದ್ದರೋ? ಸಾಲದ್ದಕ್ಕೆ ಭಾನುವಾರ ಒರೆಗಾನ್ ಸ್ಟೇಟ್ ಮತ್ತು ಒಕ್ಲಹೋಮ ಸ್ಟೇಟ್ ಎದುರುಬದುರಾದವು. ಶನಿವಾರ 4ನೇ ಸೀಡ್ ವರ್ಜೀನಿಯಾವನ್ನು 62–58ರಿಂದ ಸೋಲಿಸಿದ್ದು ಒಹಾಯೊ. ಒಹಾಯೊ ಸ್ಟೇಟ್ ಬೇರೆ, ಇದು ಬೇರೆ. ಅದಕ್ಕೆ ಬಂತು ನಿಯಮ: ತಂಡದ ಪೂರ್ತಿ ಹೆಸರು, ಪಕ್ಕದಲ್ಲಿ ಸೀಡ್. ಮಹಿಳೆಯರ ಟೂರ್ನಮೆಂಟೂ ಅದೇ ದಿನಗಳಲ್ಲಿ ನಡೆಯುವುದರಿಂದ, ಪೂಲ್ ಯಾವುದರ ಮೇಲೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು.

ಈಗ ಶನಿವಾರಕ್ಕೆ ಬರೋಣ. ಅ ಆರಿಸಿದ್ದು 7ನೇ ಸೀಡ್ ಒರೆಗಾನ್. ಬ ಆರಿಸಿದ್ದು 5ನೇ ಸೀಡ್ ಕೊಲೊರಾಡೊ. ಅದು ಜಾರ್ಜ್‌ಟೌನ್ ಎದುರು 96–73ರಿಂದ ಸುಲಭವಾಗಿ ಗೆದ್ದಿತು. ಕ ಆರಿಸಿದ್ದು 10ನೇ ಸೀಡ್ ವಿಸಿಯು. ಮಧ್ಯಾಹ್ನವೇ ಎಲ್ಲರ ಪಿಕ್ ಲಾಕ್. ಸಂಜೆ ಪಂದ್ಯ ರದ್ದು.

ಕರಡಿನ ಪ್ರಕಾರ ಪಿಕ್ ಮಾಡಿದ ತಂಡ 'ಗೆಲ್ಲಬೇಕು'. ಅಕ್ಷರಕ್ಕೆ ಅಂಟಿಕೊಂಡರೆ ಒರೆಗಾನ್ ಗೆದ್ದಿಲ್ಲ. ಹಾಗಾದರೆ ಅ ಔಟ್. ಇದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆರಿಸಿದ ತಂಡ ಮುಂದಿನ ರೌಂಡಿನಲ್ಲಿದೆ, ಆರಿಸಿದವರು ಇಲ್ಲ ಅಂದರೆ ಅದು ಯಾವ ನ್ಯಾಯ?

ಇನ್ನೊಂದು ದಾರಿ, ಬದಲಿ ಪಿಕ್ ಕೊಡುವುದು. ದಯೆ ತೋರಿಸಿದ ಹಾಗೆ ಕಾಣುತ್ತದೆ. ಅವತ್ತಿನ ಪಟ್ಟಿ ತೆಗೆದು ನೋಡಿ. ರದ್ದಾದ ಸುದ್ದಿ ಬಂದಾಗ ಇನ್ನೂ ಶುರುವಾಗದೇ ಇದ್ದ ಪಂದ್ಯಗಳಲ್ಲಿ ದೊಡ್ಡ ಹೆಸರು ಗೊಂಜಾಗ, ಟೆಕ್ಸಸ್, ವರ್ಜೀನಿಯಾ. ಗೊಂಜಾಗ ಆ ವರ್ಷದ ಅತಿ ಬಲವಾದ ತಂಡಗಳಲ್ಲೊಂದು. ಅದನ್ನು ಮೊದಲ ರೌಂಡಿನಲ್ಲೇ ಸುಡಲು ಮನಸ್ಸು ಬರುವುದಿಲ್ಲ. ಉಳಿದದ್ದು 3ನೇ ಸೀಡ್ ಟೆಕ್ಸಸ್, 4ನೇ ಸೀಡ್ ವರ್ಜೀನಿಯಾ. ವರ್ಜೀನಿಯಾ ಸೋತದ್ದು ಆಗಲೇ ಹೇಳಿದೆ. ಟೆಕ್ಸಸ್ 14ನೇ ಸೀಡಿನ ಅಬಿಲೀನ್ ಕ್ರಿಶ್ಚಿಯನ್ ಎದುರು ಕೊನೇ ಕ್ಷಣದ ಎರಡು ಫ್ರೀ ಥ್ರೋಗಳಿಂದ 53–52ಕ್ಕೆ ಸೋತಿತು. ದಯೆ ತೋರಿಸಿ ಬದಲಿ ಕೊಟ್ಟಿದ್ದರೆ ಅ ಅದೇ ರಾತ್ರಿ ಮನೆಗೆ ಹೋಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಕೊಟ್ಟ ಬದಲಿ ಗೆದ್ದಿದ್ದರೆ ಉಳಿದವರ ತಕರಾರು ಬೇರೆ ಇರುತ್ತಿತ್ತು: ನಾವು ಮಧ್ಯಾಹ್ನವೇ ಕುರುಡಾಗಿ ಆರಿಸಿದೆವು, ಇವರು ಅರ್ಧ ದಿನದ ಫಲಿತಾಂಶ ನೋಡಿಕೊಂಡು ಆರಿಸಿದರು ಎಂದು. ಆ ತಕರಾರಿನಲ್ಲಿ ಸತ್ಯವಿದೆ. ಜೊತೆಗೆ ಬೆಂಗಳೂರಿನವರನ್ನು ನೆನೆಯಬೇಕು. ಅಮೆರಿಕದ ಪೂರ್ವ ಕರಾವಳಿಯ ಸಂಜೆ ಆರೂವರೆ ಅಂದರೆ ಮಾರ್ಚ್ ಕೊನೆಯಲ್ಲಿ ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ಬದಲಿ ಪಿಕ್ ಎನ್ನುವುದು ಎಚ್ಚರ ಇರುವವರಿಗೆ ಮಾತ್ರ ಸಿಗುವ ಸವಲತ್ತಾಗುತ್ತದೆ.

ಮೂರನೇ ದಾರಿ ಎಲ್ಲರಿಗೂ ಮೊದಲು ಹೊಳೆಯುವಂಥದ್ದು: ಆ ಪಿಕ್ ಲೆಕ್ಕಕ್ಕೇ ಇಲ್ಲ ಎಂದುಬಿಡುವುದು. ಅ ಉಳಿಯುತ್ತಾರೆ, ಒರೆಗಾನ್ ಅವರ ಕೈಗೆ ವಾಪಸ್. ನನಗೂ ಮೊದಲು ಇದೇ ಸರಿ ಅನ್ನಿಸಿತ್ತು. ಟೂರ್ನಮೆಂಟ್ ಮುಂದೆ ಓಡಿಸಿದಾಗ ಅಭಿಪ್ರಾಯ ಬದಲಾಯಿತು.

ಇಬ್ಬರ ಪಿಕ್‌ಗಳನ್ನು ಪೂರ್ತಿ ನೋಡಿ. ಅ ಶುಕ್ರವಾರ ವಿಲನೋವಾ (5), ಶನಿವಾರ ಒರೆಗಾನ್ (7), ಭಾನುವಾರ ಆರ್ಕನ್ಸಾ (3), ಸೋಮವಾರ ಅಲಬಾಮ (2). ಮುಂದಿನ ವಾರ ಮಾರ್ಚ್ 27ಕ್ಕೆ ಹ್ಯೂಸ್ಟನ್ (2), 28ಕ್ಕೆ ಗೊಂಜಾಗ (1), 29ಕ್ಕೆ ಬೇಲರ್ (1). ಬ ಶುಕ್ರವಾರ ಇಲಿನಾಯ್ (1), ಶನಿವಾರ ಕೊಲೊರಾಡೊ (5), ಭಾನುವಾರ ವಿಲನೋವಾ (5), ಸೋಮವಾರ ಫ್ಲೋರಿಡಾ ಸ್ಟೇಟ್ (4), 27ಕ್ಕೆ ಬೇಲರ್ (1), 28ಕ್ಕೆ ಗೊಂಜಾಗ (1), 29ಕ್ಕೆ ಹ್ಯೂಸ್ಟನ್ (2). ಒರೆಗಾನ್ ಬಿಟ್ಟರೆ ಇವೆಲ್ಲ ಅವತ್ತವತ್ತು ಆಡಿ ಗೆದ್ದ ತಂಡಗಳು. ಮಾರ್ಚ್ 30ಕ್ಕೆ ಆಡುವುದು ಗೊಂಜಾಗ, ಯುಎಸ್‌ಸಿ, ಮಿಷಿಗನ್, ಯುಸಿಎಲ್‌ಎ. ಇಬ್ಬರೂ ಗೊಂಜಾಗ ಖರ್ಚು ಮಾಡಿದ್ದಾರೆ. ಇಬ್ಬರೂ ಹಿಡಿದದ್ದು 1ನೇ ಸೀಡ್ ಮಿಷಿಗನ್. ಮಿಷಿಗನ್ ಎದುರು ಯುಸಿಎಲ್‌ಎ 51–49ರಿಂದ ಗೆದ್ದಿತು. ಇಬ್ಬರೂ ಒಂದೇ ದಿನ ಔಟ್.

ಈಗ ಸೀಡ್ ಮೊತ್ತ. ಬ 19. ಒರೆಗಾನ್ ಲೆಕ್ಕಕ್ಕೆ ಹಿಡಿದರೆ ಅ 21, ಪೂಲ್ ಗೆದ್ದದ್ದು ಅ. ಒರೆಗಾನ್ ಬಿಟ್ಟರೆ ಅ 14, ಗೆದ್ದದ್ದು ಬ. ಇನ್ನೊಂದು ಸಾಧ್ಯತೆ ನೋಡಿ. ಒರೆಗಾನ್ ವಾಪಸ್ ಸಿಕ್ಕಿದ ಖುಷಿಗೆ ಅ ಸೋಮವಾರ ಅಲಬಾಮ ಬದಲು ಒರೆಗಾನನ್ನೇ ಆರಿಸಿದ್ದರೆ? ಒರೆಗಾನ್ ಅವತ್ತು 2ನೇ ಸೀಡ್ ಅಯೋವವನ್ನು 95–80ರಿಂದ ಸೋಲಿಸಿತು. ಆಗ ಅ ಮೊತ್ತ 19. ಇಬ್ಬರೂ ಸಮ. ಹತ್ತು ದಿನ ಮುಂಚೆ ನಡೆಯದೇ ಹೋದ ಒಂದು ಪಂದ್ಯ. ಅದರ ಬಗ್ಗೆ ಹೇಗೆ ತೀರ್ಮಾನಿಸುತ್ತೀರಿ ಎನ್ನುವುದರ ಮೇಲೆ ಪೂಲ್‌ಗೆ ಮೂರು ಬೇರೆ ಬೇರೆ ಅಂತ್ಯ.

ಹಾಗಾದರೆ ಯಾವುದು ಸರಿ? ನನ್ನ ತೀರ್ಮಾನ ಹೀಗೆ. ಈ ಆಟದಲ್ಲಿ ಎಲ್ಲರೂ ದಿನಕ್ಕೊಂದು ತಂಡ ಖರ್ಚು ಮಾಡುತ್ತಾರೆ. ಅದೇ ಇಲ್ಲಿನ ಸಮಾನತೆ. ಒಬ್ಬರಿಗೆ ಮಾತ್ರ ತಂಡ ವಾಪಸ್ ಕೊಟ್ಟರೆ, ಅವತ್ತಿನಿಂದ ಕೊನೇವರೆಗೂ ಅವರ ಕೈಯಲ್ಲಿ ಬೇರೆಯವರಿಗಿಂತ ಒಂದು ತಂಡ ಜಾಸ್ತಿ. ಅದೂ ಒಂದು ಪಂದ್ಯದ ದಣಿವಿಲ್ಲದ ತಂಡ. ಹಾಗಾಗಿ ಒರೆಗಾನ್ ಖರ್ಚಾದ ಹಾಗೆಯೇ. ಸೀಡಿನ 7 ಅಂಕ? ಅದು ಸಿಗಬೇಕು. ಸೀಡ್ ಲೆಕ್ಕ ಇರುವುದು ಧೈರ್ಯಕ್ಕೆ ಬೆಲೆ ಕೊಡಲು. ಲಾಕ್ ಆಗುವ ಹೊತ್ತಿಗೆ ಅ ಆ ಧೈರ್ಯ ಮಾಡಿ ಆಗಿತ್ತು. 7ನೇ ಸೀಡ್ 10ನೇ ಸೀಡಿನ ಎದುರು ಸೋಲುವುದು ಅಪರೂಪವೇನಲ್ಲ. ಪಂದ್ಯ ನಡೆಯದೇ ಹೋದದ್ದು ಅವರ ಕೈಯಲ್ಲಿ ಇರಲಿಲ್ಲ.

ಆದ್ದರಿಂದ ಕರಡಿನ 'ಗೆಲ್ಲಬೇಕು' ಹೋಗಿ 'ಮುಂದಿನ ರೌಂಡಿಗೆ ಹೋಗಬೇಕು' ಬಂತು. ಫೈನಲ್‌ಗೆ ಮಾತ್ರ 'ಚಾಂಪಿಯನ್ ಆಗಬೇಕು'. ಇಷ್ಟು ಬದಲಾಯಿಸಿದರೆ ಒರೆಗಾನ್ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಕ ಬಗ್ಗೆ ಗುಂಪಿನಲ್ಲಿ ತುಂಬ ಮಾತಾಯಿತು. ಹೊಸ ನಿಯಮದಲ್ಲಿ ಕ ಔಟ್. "ಪಾಪ ಅಣ್ಣಾ, ಆಡಲೇ ಇಲ್ಲ, ಸೋತರು ಅಂದ್ರೆ ಹೇಗೆ?" ಎಂದು ಒಬ್ಬಳು ಬಲವಾಗಿ ವಾದಿಸಿದಳು. ವಾದದಲ್ಲಿ ಹುರುಳಿದೆ. ವಿಸಿಯು ಹುಡುಗರು ಅವತ್ತು ಎಷ್ಟು ನೊಂದಿರಬಹುದು ಎಂದು ಯೋಚಿಸಿದರೆ ನನಗೂ ಸಂಕಟವಾಗುತ್ತದೆ. ವರ್ಷವಿಡೀ ಆಡಿ ಅಲ್ಲಿಗೆ ಬಂದವರು ಅವರು. ಆದರೆ ಪೂಲ್‌ನ ನಿಯಮ ತಂಡದ ತಪ್ಪನ್ನು ಅಳೆಯುವುದಿಲ್ಲ. ಮುಖ್ಯ ಆಟಗಾರನಿಗೆ ಹಿಂದಿನ ದಿನ ಕಾಲು ಉಳುಕಿ ತಂಡ ಸೋತರೂ ಪಿಕ್ ಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ: ಆಡುವ ಸ್ಥಿತಿಯಲ್ಲಿ ಐವರು ಇದ್ದರೂ ಸಾಕು, ತಂಡ ಆಡಬಹುದು ಎಂದು ಎನ್‌ಸಿಎಎ ಆ ವರ್ಷ ಮೊದಲೇ ಹೇಳಿತ್ತು. ತಂಡಗಳ ಪಟ್ಟಿ ಪ್ರಕಟವಾದ ಒಂದೆರಡು ದಿನ ಬದಲಿ ತಂಡಕ್ಕೆ ಅವಕಾಶವಿತ್ತು. ಆ ಗಡುವು ದಾಟಿದ ಮೇಲೆ ಆಡಲಾಗದ ತಂಡದ ಎದುರಾಳಿ ಮುಂದೆ ಹೋಗುವುದು ಎಂದೂ ತಿಳಿಸಿತ್ತು. ಅಂದರೆ ಈ ಅಪಾಯ ಗುಟ್ಟಾಗಿರಲಿಲ್ಲ. ಯಾವ ತಂಡ ಆರಿಸಿದರೂ ಅದು ಜೊತೆಗೇ ಬರುತ್ತಿತ್ತು.

ಇಲ್ಲೊಂದು ವ್ಯತ್ಯಾಸವನ್ನು ನಾನು ಗಟ್ಟಿಯಾಗಿ ಹೇಳಬೇಕು. ನಿಯಮ ಮೊದಲೇ ಬರೆದಿದ್ದರೆ ಕ ಔಟ್, ಸರಿ. ಬರೆದಿರದೇ ಇದ್ದರೆ? ಶನಿವಾರ ರಾತ್ರಿ ಪಂದ್ಯ ರದ್ದಾದ ಮೇಲೆ ಸಂಘಟಕರು ಕೂತು ಹೊಸ ನಿಯಮ ಬರೆದು, ಅದರ ಮೇಲೆ ಕ ಅವರನ್ನು ಹೊರಗೆ ಕಳಿಸುವುದು ತಪ್ಪು. ಆ ಹೊತ್ತಿಗೆ ಯಾವ ತೀರ್ಮಾನದಿಂದ ಯಾರಿಗೆ ಲಾಭ ಎಂದು ಎಲ್ಲರಿಗೂ ಗೊತ್ತು. ಉಳಿದವರೆಲ್ಲ ಕ ಎದುರಾಳಿಗಳೇ. ವೋಟು ಹಾಕಿಸಿದರೂ ಅಷ್ಟೆ, ಎಲ್ಲರೂ ತಮ್ಮ ಲಾಭಕ್ಕೇ ವೋಟು ಹಾಕುತ್ತಾರೆ. ಅಂಥ ಹೊತ್ತಿನಲ್ಲಿ ಬರೆಯದ ನಿಯಮದ ಮೇಲೆ ಯಾರನ್ನೂ ಔಟ್ ಮಾಡಬಾರದು. ಅ, ಕ ಇಬ್ಬರೂ ಉಳಿಯಲಿ. ಇಬ್ಬರ ತಂಡಗಳೂ ಖರ್ಚಾದವು ಎಂದಾಗಲಿ. ಸೀಡ್ ಅಂಕ ಮುಂದಕ್ಕೆ ಹೋದ ತಂಡಕ್ಕೆ ಮಾತ್ರ. ಈ ಮಾತನ್ನೂ ನಿಯಮಗಳಲ್ಲಿ ಸೇರಿಸಿದೆ: ಇಲ್ಲಿ ಬರೆಯದ ಸಂದರ್ಭ ಬಂದರೆ ಆ ಕಾರಣಕ್ಕೆ ಯಾರೂ ಔಟಾಗುವುದಿಲ್ಲ. ಗುಂಪಿನಲ್ಲಿ ಎಲ್ಲರೂ ಕೂಡಲೇ ಒಪ್ಪಿದ ಸಾಲು ಇದೊಂದೇ.

ಪಿಕ್‌ಗಳ ಸಂಖ್ಯೆ ಬಗ್ಗೆಯೂ 2021 ಒಳ್ಳೆಯ ಪಾಠ ಹೇಳಿತು. ಟೂರ್ನಮೆಂಟ್‌ನ ಮುಖ್ಯ ಭಾಗ ಹತ್ತು ದಿನ ನಡೆಯುತ್ತದೆ. ದಿನಕ್ಕೊಂದರಂತೆ ಹತ್ತು ತಂಡ. ಕೊನೇವರೆಗೂ ಬದುಕಬೇಕಿದ್ದರೆ ಯಾರನ್ನು ಆರಿಸಬೇಕಿತ್ತು ಎಂದು ಹಿಂದಿನಿಂದ ಲೆಕ್ಕ ಹಾಕಿದೆ. ಏಪ್ರಿಲ್ 5ರ ಫೈನಲ್‌ನಲ್ಲಿ ಬೇಲರ್ ಗೊಂಜಾಗವನ್ನು 86–70ರಿಂದ ಸೋಲಿಸಿತು. ಆದ್ದರಿಂದ ಬೇಲರನ್ನು ಅಲ್ಲಿಯವರೆಗೆ ಮುಟ್ಟಬಾರದು. ಏಪ್ರಿಲ್ 3ಕ್ಕೆ ಗೆದ್ದದ್ದು ಬೇಲರ್, ಗೊಂಜಾಗ. ಬೇಲರ್ ಎತ್ತಿಟ್ಟಿದ್ದರೆ ಉಳಿಯುವುದು ಗೊಂಜಾಗ. ಮಾರ್ಚ್ 30ಕ್ಕೆ ಗೆದ್ದದ್ದು ಗೊಂಜಾಗ, ಯುಸಿಎಲ್‌ಎ. ಹಾಗಾಗಿ ಯುಸಿಎಲ್‌ಎ. 29ಕ್ಕೆ ಬೇಲರ್, ಹ್ಯೂಸ್ಟನ್. ಹಾಗಾಗಿ ಹ್ಯೂಸ್ಟನ್. ಅಂದರೆ ಕೊನೆಯ ನಾಲ್ಕು ದಿನಕ್ಕೆ ಒಂದೇ ಒಂದು ದಾರಿ. ಆ ದಾರಿಯಲ್ಲಿ ಹೋಗಬೇಕಾದರೆ 11ನೇ ಸೀಡ್ ಯುಸಿಎಲ್‌ಎಯನ್ನು 1ನೇ ಸೀಡ್ ಮಿಷಿಗನ್ ಎದುರು ನಂಬಬೇಕಿತ್ತು. ಮೊದಲ ರೌಂಡಿಗೂ ಮುಂಚಿನ 'ಫಸ್ಟ್ ಫೋರ್' ಪಂದ್ಯ ಗೆದ್ದು ಒಳಗೆ ಬಂದ ತಂಡ ಅದು. ಎಷ್ಟು ಜನ ನಂಬುತ್ತಾರೆ?

ಅ, ಬ ಅವತ್ತು ಯುಸಿಎಲ್‌ಎ ಹಿಡಿದು ಉಳಿದಿದ್ದರೂ ಏಪ್ರಿಲ್ 3ಕ್ಕೆ ಅವರ ಕೈಯಲ್ಲಿ ತಂಡವೇ ಇರುತ್ತಿರಲಿಲ್ಲ. ಬೇಲರ್, ಹ್ಯೂಸ್ಟನ್, ಗೊಂಜಾಗ, ಯುಸಿಎಲ್‌ಎ ನಾಲ್ಕೂ ಖರ್ಚಾಗಿರುತ್ತಿದ್ದವು. ಸಣ್ಣ ಗುಂಪಿನಲ್ಲಿ ಹತ್ತೂ ದಿನ ದಾಟುವವರು ಸಿಗುವುದೇ ಅಪರೂಪ. ಪೂಲ್ ಹೆಚ್ಚಾಗಿ ತೀರ್ಮಾನವಾಗುವುದು ಸಮ ಆದಾಗಿನ ನಿಯಮದಲ್ಲಿ. ಎಷ್ಟೋ ಕಡೆ ಅದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಗೀಚಿರುತ್ತಾರೆ. ನಾನು ಅದಕ್ಕೇ ಜಾಸ್ತಿ ಹೊತ್ತು ಕೊಟ್ಟೆ. ಆಡಲು ತಂಡ ಉಳಿಯದವರು ಅವತ್ತು ಸೋತವರ ಸಮಾನ ಎಂದೂ ಬರೆದೆ.

ಕೊನೆಯ ಎಂಟು ತಂಡಗಳ ಹಂತದಿಂದ ಹಳೆಯ ತಂಡಗಳನ್ನು ಮತ್ತೆ ಆರಿಸಲು ಬಿಡೋಣ ಎಂದು ಒಬ್ಬರು ಕೇಳಿದರು. ನಾನು ಬೇಡವೆಂದೆ. ಬಿಟ್ಟಿದ್ದರೆ ಮಾರ್ಚ್ 30ಕ್ಕೆ ಬಹಳ ಜನ ಗೊಂಜಾಗವನ್ನೇ ಆರಿಸುತ್ತಿದ್ದರು. ಮೊದಲ ವಾರ ಕಷ್ಟಪಟ್ಟು ಅದನ್ನು ಎತ್ತಿಟ್ಟವರಿಗೆ ಏನು ಸಿಕ್ಕ ಹಾಗಾಯಿತು? ಮೊದಲ ಎರಡು ದಿನ ಎರಡೆರಡು ಪಿಕ್ ಕೊಡುವ ಪದ್ಧತಿಯೂ ಇದೆ. ದೊಡ್ಡ ಪೂಲ್‌ಗಳಲ್ಲಿ ಜನ ಬೇಗ ಕಡಿಮೆಯಾಗಲಿ ಎಂದು ಹಾಗೆ ಮಾಡುತ್ತಾರೆ. ನಮ್ಮಂಥ ಸಣ್ಣ ಗುಂಪಿಗೆ ಬೇಡ. ಮೊದಲ ಶುಕ್ರವಾರವೇ ಅರ್ಧ ಜನ ಹೋದರೆ ಆಮೇಲೆ ಯಾರ ಜೊತೆ ಮಾತಾಡುವುದು?

ಉಳಿದದ್ದು ಸಣ್ಣಪುಟ್ಟವು. ಲಾಕ್ ಸಮಯ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ, ಪಕ್ಕದಲ್ಲೇ ಭಾರತದ ಸಮಯ. ಮಧ್ಯಾಹ್ನ 12 ಎಂದರೆ ಬೆಂಗಳೂರಿಗೆ ರಾತ್ರಿ 9:30. ಲಾಕ್ ಆಗುವವರೆಗೆ ಪಿಕ್‌ಗಳು ಸಂಘಟಕರಿಗೆ ಮಾತ್ರ ಗೊತ್ತಿರಬೇಕು. ಸಂಘಟಕರೂ ಆಡುವವರಾದರೆ ತಮ್ಮ ಪಿಕ್ ಮೊದಲೇ ಇನ್ನೊಬ್ಬರಿಗೆ ಕಳಿಸಿರಬೇಕು. 'ದಿನ' ಅಂದರೆ ವಾರದ ಹೆಸರಲ್ಲ, ವೇಳಾಪಟ್ಟಿಯ ತಾರೀಕು. ಸಾಮಾನ್ಯವಾಗಿ ಗುರುವಾರ ಶುರುವಾಗುವ ಮೊದಲ ರೌಂಡ್ 2021ರಲ್ಲಿ ಶುಕ್ರವಾರ ಶುರುವಾಗಿತ್ತು. ಪಿಕ್ ಕಳಿಸಲು ಮರೆತವರಿಗೆ, ಅವತ್ತು ಆಡುವ ತಂಡಗಳಲ್ಲಿ ಅವರು ಇನ್ನೂ ಬಳಸದ ಅತಿ ಬಲವಾದ ಸೀಡ್ ತಾನಾಗಿ ಸೇರುತ್ತದೆ. ಒಂದೇ ಸೀಡಿನವು ಎರಡಿದ್ದರೆ ಮೊದಲು ಆಡುವ ತಂಡ. ಇದು ಒಂದೇ ಸಲ. ಮತ್ತೆ ಮರೆತರೆ ಔಟ್. 2020ರ ಮಾರ್ಚ್ 12ರಂದು ಇಡೀ ಟೂರ್ನಮೆಂಟ್ ಶುರುವಾಗುವ ಮುಂಚೆಯೇ ರದ್ದಾಯಿತು. ಇನ್ನೊಮ್ಮೆ ಅಂಥದ್ದಾಗಿ ಟೂರ್ನಮೆಂಟ್ ಮಧ್ಯದಲ್ಲಿ ನಿಂತುಹೋದರೆ, ಅಲ್ಲಿಯವರೆಗೆ ಉಳಿದವರಲ್ಲಿ ಸೀಡ್ ಮೊತ್ತ ನೋಡುವುದು.

19ಕ್ಕೆ 19 ಸಮ ಆದರೆ ಏನು ಎನ್ನುವುದು ಬಾಕಿ ಇತ್ತು. ಬಹುಮಾನ ಹಂಚಿಕೊಳ್ಳಲಿ ಎಂದು ಕೆಲವರು, ಚೀಟಿ ಎತ್ತೋಣ ಎಂದು ಕೆಲವರು. ಇಷ್ಟು ದಿನ ಯೋಚಿಸಿ ಆಡಿದವರಿಗೆ ಚೀಟಿ ಸರಿಯಲ್ಲ ಎಂದು ನಾನು ಹಟ ಹಿಡಿದೆ. ಫೈನಲ್‌ನಲ್ಲಿ ಎರಡೂ ತಂಡಗಳು ಸೇರಿ ಎಷ್ಟು ಅಂಕ ಗಳಿಸಬಹುದು ಎಂದು ಪ್ರತಿಯೊಬ್ಬರೂ ಮೊದಲ ದಿನದ ಪಿಕ್ ಜೊತೆಗೇ ಬರೆದು ಕಳಿಸಬೇಕು. 2021ರಲ್ಲಿ ಆ ಮೊತ್ತ 156. ಹತ್ತಿರ ಬಂದವರಿಗೆ ಊಟ. ಅದೂ ಸಮ ಆದರೆ ಇಬ್ಬರಿಗೂ.